ಪ್ಯಾಡಿಗಿಂತ ಡಿಸ್ಕೇ ಭಾರ: ಮೈಸೂರಿನಲ್ಲಿ ಎಂ340ಐ ಬ್ರೇಕ್ ಕೆಲಸದ ಬಿಲ್

ಬಿಎಂಡಬ್ಲ್ಯು ಎಂ340ಐ ಕಾರಿನ ಮುಂದಿನ ಎರಡು ಚಕ್ರದ ಬ್ರೇಕ್ ಪ್ಯಾಡಿಗೇ ಐದಂಕಿ ಬಿಲ್ ಬೀಳುತ್ತದೆ. ನಾಲ್ಕೂ ಚಕ್ರಕ್ಕೆ ಪ್ಯಾಡ್, ಅದು ಒತ್ತಿ ಹಿಡಿಯುವ ಡಿಸ್ಕ್ ಎರಡೂ ಹಾಕಿಸಿದರೆ ಲಕ್ಷ ಮುಟ್ಟಿದರೂ ಆಶ್ಚರ್ಯವಿಲ್ಲ. ಹಾಗಾಗಿ ಮೈಸೂರಿನಲ್ಲಿ ಈ ಕೆಲಸಕ್ಕೆ ಗ್ಯಾರೇಜ್ ಹುಡುಕುವವರು 'ಪ್ಯಾಡ್ ರೇಟ್ ಎಷ್ಟು' ಅನ್ನುವುದಕ್ಕೆ ಮೊದಲು 'ಡಿಸ್ಕ್ ಅಳೆದು ತೋರಿಸ್ತೀರಾ' ಎಂದು ಕೇಳಬೇಕು. ದಪ್ಪ ಅಳೆಯುವ ಮೈಕ್ರೋಮೀಟರ್ ಇಲ್ಲದ ಕಡೆ ಸಿಗುವ ಉತ್ತರ ಎರಡೇ: 'ಇನ್ನೂ ಓಡುತ್ತೆ ಬಿಡಿ ಸಾರ್', ಇಲ್ಲವೇ 'ಎಲ್ಲಾ ಚೇಂಜ್ ಮಾಡಿಬಿಡೋಣ'. ಎರಡೂ ಬರೀ ಊಹೆ.

ಮುಂದಿನ ಡಿಸ್ಕ್ 348 ಮಿ.ಮೀ. ಅಗಲ, ಹೊಸದಿದ್ದಾಗ 36 ಮಿ.ಮೀ. ದಪ್ಪ. ಎಷ್ಟು ದಪ್ಪಕ್ಕೆ ಇಳಿದರೆ ಬದಲಿಸಬೇಕು ಎಂಬ ಅಂಕಿಯನ್ನು ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅಂಚಿನಲ್ಲಿ ಸವೆಯದ, ತುಕ್ಕು ಹಿಡಿದ ತುಟಿ ಉಳಿದಿರುವುದರಿಂದ ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಕ್ಕೆ ಸರಿದು, ನಾಲ್ಕೈದು ಕಡೆ ಅಳೆಯಬೇಕು. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ 'ಡಿಸ್ಕ್ ಬೆಂಡ್ ಆಗಿದೆ' ಎಂಬ ತೀರ್ಪು ಬೇಗ ಬರುತ್ತದೆ. ಬಹಳ ಸಲ ಡಿಸ್ಕ್ ನೆಟ್ಟಗೇ ಇರುತ್ತದೆ, ಪ್ಯಾಡಿನ ಪದಾರ್ಥ ಅದರ ಮೇಲೆ ಏರುಪೇರಾಗಿ ಅಂಟಿರುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಬಂದು ಗಣಂಗೂರು ಟೋಲಿನಲ್ಲಿ ಜೋರಾಗಿ ಬ್ರೇಕ್ ಹಾಕಿ, ಪೆಡಲ್ ಒತ್ತಿಕೊಂಡೇ ಸಾಲಿನಲ್ಲಿ ನಿಂತರೆ ಇದು ಸುಲಭವಾಗಿ ಆಗುತ್ತದೆ. ಐವತ್ತರಿಂದ ನಿಲ್ಲಿಸುವುದಕ್ಕೆ ಹೋಲಿಸಿದರೆ ನೂರರಿಂದ ನಿಲ್ಲಿಸುವಾಗ ನಾಲ್ಕು ಪಟ್ಟು ಶಾಖ ಹುಟ್ಟುತ್ತದೆ.

ಮುಂದಿನ ಪ್ಯಾಡ್ ಬದಲಿಸುವುದು ಅನುಭವಿ ಕೈಗೆ ದೊಡ್ಡ ಕೆಲಸವಲ್ಲ. ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಪಿನ್ ತಟ್ಟಿ ತೆಗೆದರೆ ಪ್ಯಾಡ್ ಹೊರಗೆ ಬರುತ್ತದೆ. ಯಡವಟ್ಟಾಗುವುದು ಹಿಂದೆ. ಅಲ್ಲಿ ಪಾರ್ಕಿಂಗ್ ಬ್ರೇಕಿನ ಮೋಟಾರ್ ಕ್ಯಾಲಿಪರಿಗೇ ಅಂಟಿಕೊಂಡಿದೆ, ಪಿಸ್ಟನ್ ಒಳಗೆ ಸ್ಕ್ರೂ ಇದೆ. ಮೊದಲು ಲ್ಯಾಪ್‌ಟಾಪ್ ಹಾಕಿ ಸರ್ವೀಸ್ ಮೋಡಿಗೆ ತಂದು ಮೋಟಾರನ್ನು ಹಿಂದಕ್ಕೆ ತಿರುಗಿಸಬೇಕು. ಅದು ಬಿಟ್ಟು ಸಿ-ಕ್ಲ್ಯಾಂಪ್ ಹಾಕಿ ಪಿಸ್ಟನ್ನನ್ನು ಬಲವಂತವಾಗಿ ಒತ್ತಿದರೆ ಒಳಗಿನ ಭಾಗ ಮುರಿದು, ಪ್ಯಾಡಿನ ಜತೆ ಕ್ಯಾಲಿಪರ್ ಖರ್ಚೂ ತಲೆಗೆ ಬರುತ್ತದೆ. ಈ ಸರ್ವೀಸ್ ಮೋಡ್ ಹಾಕುವ ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಹಿಂದಿನ ಚಕ್ರ ಮುಟ್ಟಲು ಬಿಡಬೇಡಿ, ಎಷ್ಟೇ ಪರಿಚಯ ಇದ್ದರೂ.

ಹಿಂದಿನ ಕ್ಯಾಲಿಪರ್ ಜಾರುವ ಗೈಡ್ ಪಿನ್ನಿಗೆ ಗ್ರೀಸ್ ಮೆತ್ತುವುದು ನಮ್ಮ ಕಡೆ ಹಳೆಯ ರೂಢಿ. ಬಿಎಂಡಬ್ಲ್ಯುವಿನಲ್ಲಿ ಆ ಪಿನ್ನನ್ನು ಒರೆಸಿ ಒಣದಾಗಿಯೇ ಹಾಕಬೇಕು. ಗ್ರೀಸ್ ಹಾಕಿದರೆ ರಬ್ಬರ್ ಊದಿ ಪಿನ್ ಬಿಗಿಯುತ್ತದೆ, ಒಳಗಿನ ಪ್ಯಾಡ್ ಒಂದೇ ಬೇಗ ಸವೆಯುತ್ತದೆ.

ಕೊಟೇಶನ್ನಿನಲ್ಲಿ ಪ್ಯಾಡ್ ಸವೆದದ್ದನ್ನು ತಿಳಿಸುವ ಸೆನ್ಸರ್ ಇದೆಯೇ ನೋಡಿಕೊಳ್ಳಿ. ಮುಂದೆ ಎಡಕ್ಕೊಂದು, ಹಿಂದೆ ಬಲಕ್ಕೊಂದು ಇರುತ್ತದೆ. ಎಚ್ಚರಿಕೆ ಬಂದಿದೆ ಎಂದರೆ ತಂತಿ ಸವೆದು ತುಂಡಾಗಿದೆ ಎಂದರ್ಥ. ಹೊಸದು ಹಾಕದೆ ರೀಸೆಟ್ ಆಗುವುದಿಲ್ಲ. ಎರಡು ವರ್ಷ ಕಳೆದಿದ್ದರೆ ಬ್ರೇಕ್ ಆಯಿಲನ್ನೂ ಇದೇ ಸಲ ಬದಲಿಸುವುದು ಒಳ್ಳೆಯದು, ಒಂದು ಲೀಟರ್ ಸಾಕು. ಡಾಟ್ 4 ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಆಯಿಲಿಗೆ ಆ ಮಿತಿ 155ರವರೆಗೂ ಇಳಿಯಬಹುದು. ಚಾಮುಂಡಿ ಬೆಟ್ಟ ಇಳಿಯುವಾಗ ಗೇರ್ ಕಡಿಮೆ ಮಾಡದೆ ಬ್ರೇಕನ್ನೇ ನೆಚ್ಚಿಕೊಂಡವರಿಗೆ ಪೆಡಲ್ ಮೆತ್ತಗಾದಾಗ ಇದು ಅರ್ಥವಾಗುತ್ತದೆ.

ತೆರಿಗೆಯ ಸಾಲನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ. ಹತ್ತು ಸಾವಿರದ ಪ್ಯಾಡಿಗೆ ಮೊದಲು 12,800 ಆಗುತ್ತಿದ್ದದ್ದು ಈಗ 11,800. ಹಳೆಯ ಕೊಟೇಶನ್ ತೋರಿಸಿದರೆ ಹೊಸದು ಕೇಳಿ.

ಪ್ಯಾಡ್ ಯಾವುದು? ಊರೊಳಗೆ, ಬೆಂಗಳೂರಿಗೆ, ಊಟಿಗೆ ಓಡಾಡುವ ಕಾರಿಗೆ ಕಂಪನಿ ಪ್ಯಾಡ್, ಇಲ್ಲವೇ ಟೆಕ್ಸ್‌ಟಾರ್, ಬ್ರೆಂಬೋ ದರ್ಜೆಯದು ಧಾರಾಳ ಸಾಕು. ರಿಮ್ಮಿನ ಮೇಲೆ ಕಪ್ಪು ಧೂಳು ಕೂರುವುದು ಬೇಡವೆಂದರೆ ಇಬಿಸಿ ರೆಡ್‌ಸ್ಟಫ್ ನೋಡಬಹುದು. ಕೊಯಮತ್ತೂರಿನ 'ಕರಿ' ರೇಸ್ ಟ್ರ್ಯಾಕಿಗೆ ಕಾರು ಒಯ್ಯದವರು ರೇಸ್ ಪ್ಯಾಡ್ ಹಾಕಿಸುವುದು ದುಡ್ಡು ಕೊಟ್ಟು ಕಿರುಗುಟ್ಟುವ ಸದ್ದು ಕೊಂಡಂತೆ. ತಣ್ಣಗಿದ್ದಾಗ ಅದು ಸರಿಯಾಗಿ ಕಚ್ಚುವುದೂ ಇಲ್ಲ.

ನಮ್ಮ ಮಟ್ಟಿಗೆ, ಸ್ಕ್ಯಾನರ್, ಮೈಕ್ರೋಮೀಟರ್, ಟಾರ್ಕ್ ರೆಂಚ್ ಮೂರೂ ಇರುವ ಹೊರಗಿನ ಗ್ಯಾರೇಜಿಗೆ ಐದಕ್ಕೆ ನಾಲ್ಕು ಅಂಕ. ವಾರಂಟಿ ಬಾಕಿ ಇದ್ದರೆ ಮಾತ್ರ ಕಂಪನಿ ಸರ್ವೀಸೇ ಸರಿ. ಆನ್‌ಲೈನಿನಲ್ಲಿ ತರಿಸಿ ಕೂಲಿ ಮಾತ್ರ ಕೊಡುವ ದಾರಿಗೆ ಎರಡೂವರೆ: ನಕಲಿ ಡಬ್ಬಿಯ ಭಯ ಒಂದು ಕಡೆ, ಸದ್ದು ಬಂದರೆ ಗ್ಯಾರೇಜಿನವರು 'ಸಾಮಾನು ನಿಮ್ಮದಲ್ವಾ ಸಾರ್' ಎಂದು ಕೈ ಎತ್ತುವುದು ಇನ್ನೊಂದು ಕಡೆ.

ಕಾರು ಬಿಡಿಸಿಕೊಳ್ಳುವಾಗ ಹಳೆಯ ಪ್ಯಾಡ್ ಕೇಳಿ ನೋಡಿ; ಒಳಗಿನದು, ಹೊರಗಿನದು ಸಮನಾಗಿ ಸವೆದಿರಬೇಕು. ಚಕ್ರದ ಬೋಲ್ಟ್ ಬಿಗಿತ ಟಾರ್ಕ್ ರೆಂಚಿನಲ್ಲಿ 140 ನ್ಯೂಟನ್ ಮೀಟರ್. ಕಾರು ಕದಲಿಸುವ ಮೊದಲೇ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿಕೊಳ್ಳಿ, ಮೊದಲ ಒತ್ತು ಪೂರ್ತಿ ಕೆಳಗೆ ಹೋಗುತ್ತದೆ. ಆಮೇಲೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು, ಬೆಳಗಿನ ಜಾವ ವರ್ತುಲ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಎಪ್ಪತ್ತರಿಂದ ಇಪ್ಪತ್ತಕ್ಕೆ ಎಂಟು ಹತ್ತು ಸಲ ಇಳಿಸಿ. ನಡುವೆ ಅರ್ಧ ಮುಕ್ಕಾಲು ಕಿಲೋಮೀಟರ್ ಗಾಳಿ ಆಡಲಿ. ಕೊನೆಗೆ ಪಾರ್ಕ್ ಮಾಡುವ ಮೊದಲು ಬ್ರೇಕ್ ಮುಟ್ಟದೆ ಹತ್ತು ನಿಮಿಷ ನಿಧಾನಕ್ಕೆ ಓಡಿಸಿ.