ಇಎಸ್‌ಜಿ ಫಂಡಾ, ಹಸಿರು ಬಾಂಡಾ?

ಮುಂಬೈನ ಮಾಟುಂಗಾದಲ್ಲಿ ಕಾಫಿ ಕುಡಿಯುತ್ತಾ ತಂಗಿ ಕೇಳಿದಳು, "ಅಣ್ಣಾ, ದುಡ್ಡೂ ಬೆಳೀಬೇಕು, ಪರಿಸರಕ್ಕೂ ಒಳ್ಳೇದಾಗ್ಬೇಕು, ಯಾವುದಕ್ಕೆ ಹಾಕ್ಲಿ?"

ಹಸಿರು ಬಾಂಡ್ ಅಂದ್ರೆ ಪರಿಸರದ ಕೆಲಸಕ್ಕೆಂದು ನಮ್ಮಿಂದ ಪಡೆಯುವ ಸಾಲ. ಕೇಂದ್ರ ಸರ್ಕಾರದ್ದು 2023ರ ಜನವರಿಯಲ್ಲಿ ಶುರುವಾಯಿತು. ಆಗ ಹತ್ತು ವರ್ಷದ್ದಕ್ಕೆ ಬಡ್ಡಿ 7.29%. ದುಡ್ಡು ಸೋಲಾರ್, ಮೆಟ್ರೊ ತರಹದ ಕೆಲಸಕ್ಕೇ ಹೋಗಬೇಕು. ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ಅಸಲು ಭದ್ರ, ಮಧ್ಯೆ ಮಾರಲು ಹೋದರೆ ಕೊಳ್ಳುವವರು ಕಡಿಮೆ, ಬೆಲೆಯೂ ಇಳಿದಿರಬಹುದು.

ಇಎಸ್‌ಜಿ ಫಂಡ್ ಅಂದ್ರೆ ಪರಿಸರ, ಸಮಾಜ, ಆಡಳಿತ ಮೂರನ್ನೂ ನೋಡಿ ಆರಿಸಿದ ಕಂಪನಿಗಳ ಷೇರಿಗೆ ದುಡ್ಡು ಹಾಕುವ ಮ್ಯೂಚುವಲ್ ಫಂಡ್. ಏಳುಬೀಳು ಜಾಸ್ತಿ, ಆದರೆ ಸಣ್ಣ ಎಸ್‌ಐಪಿ, ಅಂದ್ರೆ ತಿಂಗಳ ಕಂತು, ಸಾಕು, ಬೇಕೆಂದಾಗ ತೆಗೆಯಬಹುದು. ಅವಳ ಮೊಬೈಲಿನಲ್ಲೇ ಅಂಥ ಒಂದು ಫಂಡು ದುಡ್ಡು ಹಾಕಿರುವ ಕಂಪನಿಗಳ ಪಟ್ಟಿ ತೆರೆದೆವು. ಮೇಲಿನ ಸಾಲುಗಳಲ್ಲೆಲ್ಲ ಬ್ಯಾಂಕು, ಐಟಿ ಕಂಪನಿಗಳು. ಗಾಳಿಯಂತ್ರದ ಕಂಪನಿ ಒಂದೂ ಇಲ್ಲ. ಅವಳ ಮುಖ ಬಾಡಿತು.

ಹಸಿರು ಕೆಲಸವೇ ಮುಖ್ಯ ಅಂದ್ರೆ ಬಾಂಡೇ ತಗೋ ಎಂದೆ, ಸರ್ಕಾರಿ ಬಾಂಡ್ ನೇರವಾಗಿ ಕೊಳ್ಳುವ ಜಾಲತಾಣ ಆರ್‌ಬಿಐ ರಿಟೇಲ್ ಡೈರೆಕ್ಟ್‌ನಲ್ಲಿ 10,000 ರೂಪಾಯಿಯಿಂದ ಶುರು ಮಾಡಬಹುದು.