ಬೆಂಗೇರಿಯ ಖಾದಿ ಬಾವುಟ: ಬೆಲೆ ಜಾಸ್ತಿ, ಆದರೂ ತಗೊಳ್ಳಿ

ಮನೆ ಮೇಲೆ ಹಾರಿಸಲು ಬಾವುಟ ಬೇಕಾ? ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ್ದನ್ನು ನೋಡಿ. ಬಟ್ಟೆ ಗಟ್ಟಿ, ಹೊಲಿಗೆ ಅಚ್ಚುಕಟ್ಟು, ಅಶೋಕ ಚಕ್ರದ 24 ಕಡ್ಡಿಗಳೂ ಎರಡೂ ಬದಿಯಲ್ಲಿ ಸರಿಯಾಗಿ ಕೂತಿವೆ. ಇಲ್ಲಿ ಹೆಚ್ಚಿನ ಕೆಲಸ ಹೆಂಗಸರದ್ದು, ಮತ್ತು ದಾರ, ಬಣ್ಣ, ಅಳತೆ ಎಲ್ಲವೂ ಬಿಐಎಸ್ (ಗುಣಮಟ್ಟ ನಿಗದಿ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ) ಹೇಳಿದ ಹಾಗೇ ಇರಬೇಕು, ಸುಮ್ನೆ ಹೊಲಿದು ಕೊಡುವ ಕೆಲಸವಲ್ಲ ಇದು.

ಪಾಲಿಯೆಸ್ಟರ್‌ಗಿಂತ ದುಬಾರಿ, ನಿಜ. ಬಾವುಟದ ನಿಯಮಗಳಿರುವ ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯಿಂದ ಪಾಲಿಯೆಸ್ಟರ್‌ಗೂ ಅವಕಾಶ ಸಿಕ್ಕಿದೆ, ಹಾಗಾಗಿ ಅದನ್ನು ತಗೊಂಡವರನ್ನು ಬೈಯಬೇಡಿ. ಆದರೆ ಆಗಸ್ಟ್ 16ಕ್ಕೆ ಚರಂಡಿ ಪಕ್ಕ ಬಿದ್ದಿರುವುದು ಯಾವ ಬಾವುಟ ಅಂತ ನೀವೇ ನೋಡಿದ್ದೀರಲ್ಲ!

ಖಾದಿ ಮಳೆಯಲ್ಲಿ ನೆನೆದರೆ ಭಾರವಾಗುತ್ತದೆ. ಹರಿದದ್ದನ್ನು ಹಾರಿಸುವಂತಿಲ್ಲ, ಖಾಸಗಿಯಾಗಿ ಗೌರವದಿಂದ, ಆದಷ್ಟು ಸುಟ್ಟೇ, ಪೂರ್ತಿ ನಾಶ ಮಾಡಬೇಕು. ಆಗಸ್ಟ್ ಹತ್ತಿರ ಬಂದರೆ ಬೇಡಿಕೆ ಜಾಸ್ತಿ, ಮೊದಲೇ ಹೇಳಿಡಿ.