ಹಳೇ ಕಾರು ಕೊಳ್ಳುವ ಮುನ್ನ: ರೀಕಾಲ್ ಪಟ್ಟಿ ನೋಡಬೇಕೋ, ಮಾಲೀಕರ ದೂರು ಓದಬೇಕೋ?

ಅಮೆರಿಕದಲ್ಲಿ ಅಗ್ಗದ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರ ಕಣ್ಣಿಗೆ ಎರಡು ಗಾಡಿ ಪದೇ ಪದೇ ಬೀಳುತ್ತವೆ: 2013ರ ಫೋರ್ಡ್ ಫೋಕಸ್ ಆಟೋಮ್ಯಾಟಿಕ್ ಮತ್ತು ಅದೇ ವರ್ಷದ 2.4 ಲೀಟರ್ ಹ್ಯುಂಡೈ ಸೊನಾಟಾ. ಕೊಳ್ಳುವ ಮುನ್ನ ಮಾಡಬಹುದಾದ ತಪಾಸಣೆಗಳನ್ನೆಲ್ಲ ಈ ಎರಡರ ಮೇಲೆ ಪ್ರಯೋಗಿಸಿ ನೋಡಿದರೆ, ಯಾವುದು ಏನನ್ನು ಹಿಡಿಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

ರೀಕಾಲ್ ಎಂದರೆ ಸುರಕ್ಷತಾ ದೋಷವಿರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಸಿ ಪುಕ್ಕಟೆ ಸರಿಪಡಿಸುವುದು; ಅದರ ಹುಡುಕಾಟ ಎಲ್ಲಕ್ಕಿಂತ ಸುಲಭ. ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಗಾಡಿಯ ವಿನ್ (ಪ್ರತಿ ಗಾಡಿಗೂ ಇರುವ 17 ಅಕ್ಷರದ ಗುರುತಿನ ಸಂಖ್ಯೆ) ಹಾಕಿದರೆ ಮುಗಿಯಿತು, ಖರ್ಚೇನೂ ಇಲ್ಲ. ಸಿಡಿದು ಲೋಹದ ಚೂರು ಎರಚಬಹುದಾದ ಟಕಾಟಾ ಕಂಪನಿಯ ಏರ್‌ಬ್ಯಾಗ್ ಬದಲಿಸುವುದು ಬಾಕಿ ಇದ್ದರೆ ಗೊತ್ತಾಗುವುದು ಇಲ್ಲಿಯೇ. ಅದನ್ನು ಬದಲಿಸದ ಗಾಡಿಯನ್ನು ಓಡಿಸಿಕೊಂಡು ಮನೆಗೆ ತರುವುದೂ ಬೇಡ. ಆದರೆ ಇಲ್ಲಿ ಕಾಣುವುದು ಇನ್ನೂ ಸರಿಪಡಿಸದ ರೀಕಾಲ್ ಮಾತ್ರ. ಸೊನಾಟಾಗೆ 2017ರಲ್ಲಿ ಎಂಜಿನ್ ಬೇರಿಂಗ್ ರೀಕಾಲ್ ಆಗಿತ್ತು. ಡೀಲರು ಅದನ್ನು ಮುಗಿಸಿದ್ದರೆ ಪುಟದಲ್ಲಿ ಸೊನ್ನೆ ಕಾಣುತ್ತದೆ. ಪರೀಕ್ಷಿಸಿ 'ಸರಿಯಿದೆ' ಎಂದು ಹಳೇ ಎಂಜಿನ್ನನ್ನೇ ಬಿಟ್ಟರೋ, ಹೊಸದು ಕೂರಿಸಿದರೋ ಆ ಸೊನ್ನೆ ಹೇಳುವುದಿಲ್ಲ. ಹ್ಯುಂಡೈ ಡೀಲರಿನ ಸರ್ವಿಸ್ ಕೌಂಟರಿಗೆ ವಿನ್ ಕೊಟ್ಟು ಕೇಳಬೇಕು. ಫೋಕಸ್‌ನ ಕಥೆ ಇನ್ನೂ ಕೆಟ್ಟದ್ದು. ಅದರ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಅದುರುವುದಕ್ಕೆ ಅಮೆರಿಕದಲ್ಲಿ ರೀಕಾಲೇ ಆಗಲಿಲ್ಲ, ವಾರಂಟಿಯನ್ನಷ್ಟೇ ವಿಸ್ತರಿಸಿದರು: ಕ್ಲಚ್‌ಗೆ 7 ವರ್ಷ ಅಥವಾ 1 ಲಕ್ಷ ಮೈಲಿ, ಗೇರ್‌ಬಾಕ್ಸ್ ಕಂಟ್ರೋಲ್ ಮಾಡ್ಯೂಲ್‌ಗೆ 10 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿ. 2013ರ ಗಾಡಿಗೆ ಎರಡೂ ಮುಗಿದಿವೆ.

ಫೋಕಸ್ ಸಿಕ್ಕಿಬೀಳುವುದು ಮಾಲೀಕರ ದೂರುಗಳಲ್ಲಿ. ಅದೇ ತಾಣದಲ್ಲಿ ವಿನ್ ಬದಲು ವರ್ಷ, ಕಂಪನಿ, ಮಾಡೆಲ್ ಆರಿಸಿದರೆ ದೂರುಗಳ ವಿಭಾಗ ತೆರೆಯುತ್ತದೆ. ಬಹಳ ಜನ ಎಡವುವುದೂ ಇಲ್ಲಿಯೇ: ಒಟ್ಟು ಸಂಖ್ಯೆ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಹೆಚ್ಚು ಮಾರಾಟವಾದ ಗಾಡಿಗೆ ದೂರು ಹೆಚ್ಚಿರುವುದು ಸಹಜ. ರೀಕಾಲ್ ಸುದ್ದಿ ಬಂದ ವಾರ ದೂರು ಉಕ್ಕುತ್ತದೆ, ಒಬ್ಬರೇ ಎರಡು ಸಲ ಬರೆದಿರುವುದೂ ಉಂಟು. ಯಾವ ದೂರನ್ನೂ ಸಂಸ್ಥೆ ಪರಿಶೀಲಿಸಿ ಹಾಕಿರುವುದಿಲ್ಲ. ಹಾಗಾಗಿ ಲೆಕ್ಕ ಬಿಟ್ಟು ಬರಹ ಓದಿ. ಬೇಕಾದ ವರ್ಷದ್ದು 30–40, ಅದರ ಹಿಂದಿನ ಮತ್ತು ಮುಂದಿನ ವರ್ಷದ್ದು ಒಂದಿಷ್ಟು ಓದಿದರೆ ಸಾಕು. ಹಾಳೆಯಲ್ಲಿ ನಾಲ್ಕೇ ಕಲಂ ಹಾಕಿಕೊಳ್ಳಿ: ಯಾವ ಲಕ್ಷಣ, ಎಷ್ಟು ಮೈಲಿಗೆ, ಯಾವ ವೇಗದಲ್ಲಿ, ಡೀಲರು ಏನು ಮಾಡಿದರು. ಸಂಸ್ಥೆಯ ಸಿಬ್ಬಂದಿ ಮಾಲೀಕರಿಂದ ಕೇಳಿ ಬರೆದುಕೊಂಡ ದೂರುಗಳ ಕೊನೆಗೆ ಸಾಮಾನ್ಯವಾಗಿ ಗಾಡಿ ಕೆಟ್ಟಾಗಿನ ಮೈಲಿ ಇರುತ್ತದೆ. ಎಲ್ಲಕ್ಕಿಂತ ಬೆಲೆಬಾಳುವ ಸಾಲು ಅದು. ನೀವು ನೋಡುತ್ತಿರುವ ಗಾಡಿ 80,000 ಮೈಲಿಯಲ್ಲಿದ್ದು, ದೂರುಗಳೆಲ್ಲ 90,000ದ ಆಸುಪಾಸಿನಲ್ಲಿ ಗುಂಪುಗೂಡಿದ್ದರೆ ಆ ಖರ್ಚು ನಿಮಗಾಗಿಯೇ ಕಾದಿದೆ ಎಂದರ್ಥ.

ದೂರಿನ ಜೊತೆ ವಿನ್‌ನ ಮೊದಲ 11 ಅಕ್ಷರ ಕಾಣುತ್ತದೆ. 10ನೆಯದು ಮಾಡೆಲ್ ವರ್ಷ (2012ಕ್ಕೆ ಸಿ, 2013ಕ್ಕೆ ಡಿ, 2014ಕ್ಕೆ ಇ), 11ನೆಯದು ಕಾರ್ಖಾನೆ. 8ನೆಯದು ಸಾಮಾನ್ಯವಾಗಿ ಎಂಜಿನ್. ಸೊನಾಟಾದಂತೆ ಒಂದೇ ಹೆಸರಿನಲ್ಲಿ ಎರಡು ಮೂರು ಎಂಜಿನ್ ಇರುವ ಗಾಡಿಗಳಲ್ಲಿ ನಿಮಗೆ ಸಂಬಂಧಿಸದ ದೂರುಗಳನ್ನು ಹೀಗೆ ಜರಡಿ ಹಿಡಿಯಬಹುದು.

ದೂರು ರೀಕಾಲ್‌ಗಿಂತ ಮುಂಚೆ ಮಾತಾಡುತ್ತದೆ ಎಂಬುದಕ್ಕೆ ಷೆವರ್ಲೆ ಕೋಬಾಲ್ಟ್ ಸಾಕ್ಷಿ. ಓಡುತ್ತಿರುವಾಗಲೇ ಎಂಜಿನ್ ಆಫ್ ಆಗುತ್ತದೆ ಎಂದು ಮಾಲೀಕರು ವರ್ಷಗಟ್ಟಲೆ ಬರೆದರು. ಇಗ್ನಿಷನ್ ಸ್ವಿಚ್ ರೀಕಾಲ್ ಬಂದದ್ದು 2014ರಲ್ಲಿ.

ಇನ್ನು ಕಂಪನಿ ಡೀಲರುಗಳಿಗೆ ಕಳಿಸುವ ಸರ್ವಿಸ್ ಬುಲೆಟಿನ್, ಅದೂ ಅದೇ ಪುಟದಲ್ಲಿದೆ. ಫೋಕಸ್ ಮಾಲೀಕ 'ಗಾಡಿ ಅದುರುತ್ತದೆ' ಎಂದಷ್ಟೇ ಬರೆದರೆ, ಬುಲೆಟಿನ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಸೋರಿ ಒಣ ಕ್ಲಚ್ ಮೇಲೆ ಎಣ್ಣೆ ಬೀಳುತ್ತದೆ ಎಂಬ ಕಾರಣ ಕೊಡುತ್ತದೆ. ಓದಲು ಒಣಒಣ, ಆದರೆ ಮೆಕ್ಯಾನಿಕ್ ಎದುರು ಕೆಲಸಕ್ಕೆ ಬರುವುದು ಇದೇ. ಬುಲೆಟಿನ್ ಇದೆ ಎಂದ ಮಾತ್ರಕ್ಕೆ ರಿಪೇರಿ ಪುಕ್ಕಟೆಯಲ್ಲ.

ಕಾರ್‌ಫ್ಯಾಕ್ಸ್‌ನಂಥ ಹಿಸ್ಟರಿ ರಿಪೋರ್ಟ್ ಬೇರೆಯದೇ ಪ್ರಶ್ನೆಗೆ ಉತ್ತರಿಸುತ್ತದೆ: ಅಪಘಾತ, ಪ್ರವಾಹಕ್ಕೆ ಸಿಕ್ಕ ಗಾಡಿ, ಓಡೋಮೀಟರ್ ಮೋಸ. ನಗದು ಕೊಟ್ಟು ಬಾಡಿ ರಿಪೇರಿ ಮಾಡಿಸಿದ್ದರೆ ಅದಕ್ಕೂ ಗೊತ್ತಿರುವುದಿಲ್ಲ. ಫೋಕಸ್ ಗೇರ್‌ಬಾಕ್ಸಿನ ವಿಚಾರದಲ್ಲಿ ಸ್ವಚ್ಛ ರಿಪೋರ್ಟಿಗೆ ಕಿಮ್ಮತ್ತಿಲ್ಲ. ಊರಿನಲ್ಲಿ ಆರ್‌ಸಿ, ಇನ್ಶೂರೆನ್ಸ್ ನೋಡಿ ಸಮಾಧಾನಪಟ್ಟುಕೊಳ್ಳುವ ಅಭ್ಯಾಸವಿದ್ದವರು ಇದೊಂದನ್ನೇ ನಂಬಿ ಕೂರುವ ಅಪಾಯ ಹೆಚ್ಚು.

ಹಾಗಾದರೆ ಮೆಕ್ಯಾನಿಕ್ ಒಬ್ಬ ಸಾಲದೇ? ಕೊಳ್ಳುವ ಮುಂಚಿನ ತಪಾಸಣೆಗೆ ಕೊಡುವ ದುಡ್ಡು ದಂಡವಲ್ಲ, ಆದರೆ 'ಒಂದ್ಸಲ ನೋಡಿಬಿಡಿ' ಎಂದರೆ ಆತ ಬ್ರೇಕ್, ಟೈರು, ಸೋರಿಕೆ ನೋಡಿ ಕಳಿಸುತ್ತಾನೆ. ದೂರುಗಳ ಹಾಳೆ ಕೈಯಲ್ಲಿದ್ದರೆ ನೀವು ಕೇಳುವುದೇ ಬೇರೆ. ಫೋಕಸ್ ಆದರೆ ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ 20 ನಿಮಿಷ ಟ್ರಾಫಿಕ್ಕಿನಲ್ಲಿ ತೆವಳಿಸಿ, 1ರಿಂದ 2ನೇ ಗೇರಿಗೆ ಹೋಗುವಾಗ ಅದುರುತ್ತದೆಯೇ ನೋಡಿ, ಏರಿನಲ್ಲಿ ರಿವರ್ಸ್ ಹಾಕಿ. ಖಾಲಿ ರಸ್ತೆಯಲ್ಲಿ ಓಡಿಸಿದರೆ ಈ ರೋಗ ಅಡಗಿಕೊಳ್ಳುತ್ತದೆ. ಕ್ಲಚ್ ಬದಲಿಸಿದ ಬಿಲ್ ಇದ್ದರೆ ತಾರೀಖು, ಮೈಲಿ ಎರಡನ್ನೂ ಓದಿ; ಎರಡು ಸಲ ಬದಲಿಸಿದ್ದರೆ ಮೂರನೆಯದು ನಿಮ್ಮ ಪಾಲಿಗೆ.

ಸೊನಾಟಾದಲ್ಲಿ ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ, ಬಿಳಿ ಬಟ್ಟೆಗೆ ಒರೆಸಿ, ಬೇರಿಂಗ್ ಸವೆದರೆ ಬರುವ ಲೋಹದ ಮಿನುಗು ಇದೆಯೇ ಹುಡುಕಿ. ಆಮೇಲೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ, ಎಂಜಿನ್ ವೇಗ ಏರಿದಂತೆ ಹೆಚ್ಚುವ ಟಕಟಕ ಸದ್ದಿಗೆ ಕಿವಿಗೊಡಿ. ಬಾನೆಟ್ ಮುಟ್ಟಿದಾಗ ಆಗಲೇ ಬೆಚ್ಚಗಿದ್ದರೆ ಮಾತು ಬೆಳೆಸಬೇಡಿ, ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಬನ್ನಿ.